ಉಣ್ಣುವವನ ಹೊಣೆ

(ಕಾಮೋಠೆಯಲ್ಲಿ ಕನ್ನಡ ಶ್ರಮಜೀವಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಸಾವಯವ ಬೇಸಾಯ, ಸಾವಯವ ಅಡಿಗೆ ಎಂಬ ಮಾತು ಬಂದೊಡನೆ, “ಅದು ಹಣವಂತರ ಹವ್ಯಾಸ, ದುಡಿದು ತಿನ್ನುವ ನಮಗೇಕೆ?” ಎಂದು ನಮ್ಮವರಲ್ಲಿ ಹಲವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಮನೆಬಾಡಿಗೆ, ರೈಲಿನ ಪಾಸು, ಮಕ್ಕಳ ಫೀ ಇವೆಲ್ಲ ಕಳೆದು ಉಳಿದುದರಲ್ಲಿ ಅಡಿಗೆಮನೆ ನಡೆಯಬೇಕು. ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಮೊದಲು ನಾವು ಕುಳಿತ ನೆಲವನ್ನೇ ನೋಡೋಣ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, 95 ಹಳ್ಳಿಗಳ ಭೂಮಿ ನವಿ ಮುಂಬಯಿಗೆಂದು ಗೊತ್ತಾಗುವ ಮುನ್ನ ಈ ಸೀಮೆಯಲ್ಲಿ ಭತ್ತದ ಗದ್ದೆಗಳಿದ್ದವು, ಉಪ್ಪಿನ ಆಗರಗಳಿದ್ದವು. ಭೂಮಿಗೆ ನ್ಯಾಯವಾದ ಪರಿಹಾರ ಬೇಕೆಂದು ಡಿ. ಬಿ. ಪಾಟೀಲರ ಮುಂದಾಳುತನದಲ್ಲಿ 1984ರ ಜನವರಿಯಲ್ಲಿ ಉರಣ ತಾಲೂಕಿನಲ್ಲಿ ನಡೆದ ಚಳವಳಿಯಲ್ಲಿ ಐದು ಮಂದಿ ಪೋಲೀಸರ ಗುಂಡಿಗೆ ಬಲಿಯಾದರು. ಒಕ್ಕಲಿನ ನೆಲದ ಮೇಲೆ ನಮ್ಮ ಸಂಸಾರ ನಿಂತಿದೆ ಎಂಬುದನ್ನು ನಾವು ಮರೆಯಬಾರದು.

ಇನ್ನು ನಮ್ಮ ಊರಿನ ಕತೆ. ಕಲಬುರಗಿ, ವಿಜಯಪುರದ ಕಡೆಯವರು ಬರಕ್ಕೆ ಬೆದರಿ ಬಂದೆವು. ಕರಾವಳಿಯವರು ಹೋಟೆಲಿನ ಕೆಲಸ ಹುಡುಕಿ ಬಂದೆವು. ಹಿಂದೆ ಉಳಿದ ಹೊಲ ಎಷ್ಟೋ ಕಡೆ ಬೀಳುಬಿದ್ದಿದೆ, ಗದ್ದೆ ಹಡಿಲುಬಿದ್ದಿದೆ. ಉಳಿದವರು ಸಾಲ ಮಾಡಿ ಗೊಬ್ಬರ, ಔಷಧಿ ಹೊಡೆದು ಬೆಳೆದರೂ ಬೆಲೆ ಗೊತ್ತುಮಾಡುವವರು ಬೇರೆಯವರು.

ಆ ‘ಔಷಧಿ’ ಎಂಬ ಹೆಸರೇ ಎಂಥ ಮೋಸದ್ದೆಂಬುದನ್ನು ಕಾಸರಗೋಡಿನ ನಮ್ಮ ಕನ್ನಡ ಬಂಧುಗಳು ಬಲ್ಲರು. ಅಲ್ಲಿನ ಸರಕಾರಿ ಗೇರುತೋಟಗಳ ಮೇಲೆ 2000ನೆಯ ಇಸವಿಯವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ಪಡ್ರೆಯಂಥ ಹಳ್ಳಿಗಳಲ್ಲಿ ಅಂಗವಿಕಲ ಶಿಶುಗಳು ಹುಟ್ಟಿದವು, ಮನೆಮನೆಯಲ್ಲಿ ನರಳಾಟ ಕಂಡಿತು. ಆ ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಇದನ್ನು ಲೋಕದ ಗಮನಕ್ಕೆ ತಂದವರಲ್ಲಿ ಮೊದಲಿಗರು. ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸಿದ್ದು 2011ರಲ್ಲಿ. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದು ಆಜ್ಞೆ ಮಾಡಿದ್ದು 2017ರಲ್ಲಿ. ಗೇರುಬೀಜ ತಿಂದವನು ಎಲ್ಲಿಯೋ ಇದ್ದನು. ವಿಷ ಉಂಡವನು ತೋಟದ ಪಕ್ಕದಲ್ಲಿದ್ದನು. ಆದಕಾರಣ ವಿಷವಿಲ್ಲದ ಬೇಸಾಯದ ಪ್ರಶ್ನೆ ಮೊದಲಿಗೆ ದುಡಿಯುವವನ ಪ್ರಾಣದ ಪ್ರಶ್ನೆ, ಆಮೇಲೆ ನಮ್ಮ ತಟ್ಟೆಯದು.

ಹಾಗಾದರೆ ರೈತನು ನಾಳೆಯೇ ಏಕೆ ಬದಲಾಗುವುದಿಲ್ಲ? ರಾಸಾಯನಿಕ ಬಿಟ್ಟೊಡನೆ ಭೂಮಿ ಸುಧಾರಿಸುವುದಿಲ್ಲ. ಎರಡು ಮೂರು ವರ್ಷ ಬೇಕು. ಆ ಕಾಲದಲ್ಲಿ ಇಳುವರಿ ತಗ್ಗುವುದುಂಟು, ‘ಸಾವಯವ’ ಎಂಬ ಬೆಲೆಯೂ ಸಿಗದು. ಚಿಕ್ಕ ಹಿಡುವಳಿಯವನು ಸೋಲುವುದು ಇಲ್ಲಿಯೇ. ಆ ವರ್ಷಗಳ ಭಾರವನ್ನು ಅವನೊಬ್ಬನೇ ಹೊರಬೇಕೆ, ಉಣ್ಣುವವರೂ ಸ್ವಲ್ಪ ಹೊರಬೇಕೆ ಎಂಬುದೇ ನಮ್ಮ ಮುಂದಿನ ಪ್ರಶ್ನೆ.

ಒಂದು ಲೆಕ್ಕ ಹೇಳುತ್ತೇನೆ. ಇಪ್ಪತ್ತು ಮನೆಯವರು ಕೂಡಿ, ಮನೆಗೆ ತಿಂಗಳಿಗೆ 5 ಕಿಲೋದಂತೆ ಅಕ್ಕಿ ಕೊಳ್ಳಲಿ. ವರ್ಷಕ್ಕೆ 12 ಕ್ವಿಂಟಾಲ್ ಆಯಿತು. ಅದು ಒಬ್ಬ ಚಿಕ್ಕ ರೈತನ ಒಂದೆರಡು ಎಕರೆಯ ಬೆಳೆ. ಕಿಲೋಗೆ 20 ರೂಪಾಯಿ ಹೆಚ್ಚೆಂದೇ ಹಿಡಿಯಿರಿ. ಮನೆಗೆ ತಿಂಗಳಿಗೆ 100 ರೂಪಾಯಿ. ಆ ರೈತನ ಕೈಗೆ ವರ್ಷಕ್ಕೆ 24,000 ರೂಪಾಯಿ. ಒಬ್ಬೊಬ್ಬರೇ ಅಂಗಡಿಗೆ ಹೋದರೆ ಈ ಹೆಚ್ಚಿನ ಹಣ ಚೆಂದದ ಪೊಟ್ಟಣಕ್ಕೂ ದಲ್ಲಾಳಿಗೂ ಹೋಗುವುದು. ಸಂಘಟಿತರಾದರೆ ಹೊಲಕ್ಕೆ ಹೋಗುವುದು. ಸಂಘಟನೆಯ ಬೆಲೆ ಕಾರ್ಮಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಂಬುವುದು ಹೇಗೆಂದು ಕೇಳಬಹುದು. ಹುಳು ಕೊರೆದ ಬದನೆಯೆಲ್ಲ ಸಾವಯವವಲ್ಲ. ತೊಳೆದರೆ ಮೇಲಿನ ವಿಷ ಸ್ವಲ್ಪ ಹೋದೀತು, ಗಿಡ ಹೀರಿದ್ದು ಹೋಗದು. ದೊಡ್ಡ ಪ್ರಮಾಣಪತ್ರದ ವೆಚ್ಚ ಬಡ ರೈತನಿಗೆ ಭಾರ. ಅದಕ್ಕಾಗಿಯೇ 2011ರಲ್ಲಿ ಕೇಂದ್ರ ಸರಕಾರ, ಒಂದೂರಿನ ರೈತರು ಐವರಾದರೂ ಗುಂಪುಗೂಡಿ ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ ಖಾತ್ರಿ ಕೊಡುವ ಪದ್ಧತಿಯನ್ನು ತಂದಿತು. 2017ರ ಆಹಾರ ನಿಯಮಗಳು, ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿನ ಚಿಕ್ಕ ಬೆಳೆಗಾರ ನೇರವಾಗಿ ಉಣ್ಣುವವನಿಗೆ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇತ್ತವು. ಎಂದರೆ ನಮ್ಮೂರಿನ ಪರಿಚಯದವನಿಂದ ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ರಜೆಗೆ ಊರಿಗೆ ಹೋದಾಗ ಅವನ ಹೊಲ ನೋಡಿ ಬಂದರೆ ಅದಕ್ಕಿಂತ ದೊಡ್ಡ ಖಾತ್ರಿ ಬೇರೆ ಬೇಕಿಲ್ಲ.

ಸೋದರಿಯರೇ, ಅಡಿಗೆಯ ವಿಷಯದಲ್ಲಿ ನಿಮಗೆ ನಾನು ಪಾಠ ಹೇಳಲಾರೆ. ಆದರೂ ಕೆಲವು ಮಾತು. ಪಾಲಿಶ್ ಮಾಡದ ಅಕ್ಕಿಯಲ್ಲಿ ತೌಡಿನ ಎಣ್ಣೆಯಿರುವುದರಿಂದ ಬೇಗ ಮುಗ್ಗಲು ವಾಸನೆ ಬರುತ್ತದೆ. ರೈತನು ಅದನ್ನು ಭತ್ತವಾಗಿಯೇ ಇಟ್ಟು ತಿಂಗಳು ತಿಂಗಳು ಗಿರಣಿಗೆ ಹಾಕಿಸಿ ಕಳಿಸಲಿ. ಆ ಅಕ್ಕಿಯನ್ನೂ ನವಣೆಯನ್ನೂ ಮೊದಲೇ ನೆನೆಹಾಕಿದರೆ ಗ್ಯಾಸು ಉಳಿಯುತ್ತದೆ. ಕಾಳಿಗೆ ಹುಳು ಬಿದ್ದೀತೆಂದು ಅಂಜಬೇಡಿ; ಬಿಸಿಲಿಗೆ ಹಾಕಿ ಆರಿಸಿ, ಒಣಗಿದ ಬೇವಿನೆಲೆ ಹಾಕಿ ಡಬ್ಬಿ ಮುಚ್ಚಿ.

ಎಲ್ಲವೂ ಊರಿನಿಂದಲೇ ಬರಬೇಕೆಂದಿಲ್ಲ. ಮಳೆಗಾಲದಲ್ಲಿ ಪನವೇಲ, ಕರ್ಜತ್ ಬೆಟ್ಟಗಳ ಆದಿವಾಸಿ ಹೆಂಗಸರು ಪೇಟೆಯ ಬದಿಯಲ್ಲಿ ಕುಳಿತು ಮಾರುವ ಟಾಕಳಾ ಯಾವುದು ಬಲ್ಲಿರಾ? ತುಳುವರು ಆಟಿ ತಿಂಗಳಲ್ಲಿ ಆಸೆಪಟ್ಟು ತಿನ್ನುವ ತಜಂಕ್ ಅದೇ. ಕರ್ಟೋಲಿಯೆಂದರೆ ನಮ್ಮ ಮಾಡಹಾಗಲವೇ. ಯಾರೂ ಗೊಬ್ಬರ ಹಾಕದೆ ಕಾಡು ಕೊಟ್ಟ ಪದಾರ್ಥಗಳಿವು. ಭತ್ತ ಕೊಯ್ದ ಗದ್ದೆಯ ತೇವದಲ್ಲಿ ಬೆಳೆಯುವ ರಾಯಗಡದ ವಾಲ್ ನಮ್ಮ ಅವರೆಯ ಬಳಗದ್ದು; ನೆನೆಸಿ, ಮೊಳಕೆ ಬರಿಸಿ, ಸಿಪ್ಪೆ ತೆಗೆದು ಸಾರು ಮಾಡಿ. ಆ ತಾಯಂದಿರ ಬಳಿ ಹತ್ತು ರೂಪಾಯಿಗೆ ಚೌಕಾಶಿ ಮಾಡದಿರುವುದೂ ಚಿಕ್ಕ ರೈತನಿಗೆ ಮಾಡುವ ಸಹಾಯವೇ.

ಊರಲ್ಲಿ ಭೂಮಿಯಿರುವವರಿಗೆ ಇನ್ನೊಂದು ಮಾತು. 2021ರಲ್ಲಿ ಉಡುಪಿಯ ಕಡೆ ಜನರು ಕೂಡಿ ಸಾವಿರ ಎಕರೆಗೂ ಮೇಲ್ಪಟ್ಟ ಹಡಿಲು ಗದ್ದೆಗಳಲ್ಲಿ ಮತ್ತೆ ನೇಜಿ ನೆಟ್ಟರು. ನಿಮ್ಮ ಗದ್ದೆ ಪಾಳುಬಿದ್ದಿದ್ದರೆ ನೆರೆಯವನಿಗೆ ಬೇಸಾಯಕ್ಕೆ ಬಿಟ್ಟುಕೊಡಿ. ಗೇಣಿಯ ಬದಲು ವರ್ಷಕ್ಕೆರಡು ಮೂಟೆ ವಿಷವಿಲ್ಲದ ಅಕ್ಕಿ ಕೇಳಿ.

ಇಂದು ಈ ಸಭೆಯಿಂದ ಏಳುವ ಮುನ್ನ ಇಪ್ಪತ್ತು ಮನೆಗಳು ಹೆಸರು ಬರೆಸಲಿ. ಒಬ್ಬ ರೈತನನ್ನು ಗೊತ್ತುಮಾಡಿ ಮೂರು ವರ್ಷದ ಮಾತು ಕೊಡೋಣ. ಬರಗಾಲ ಬಂದು ಬೆಳೆ ತಗ್ಗಿದ ವರ್ಷವೂ ಕೈಬಿಡೆವೆಂಬುದು ಆ ಮಾತಿನಲ್ಲಿರಲಿ.