ಕೂಡಿ ಯೋಚಿಸುವ ಬಗೆ

ಹತ್ತು ಮಂದಿ ಕೂಡಿದ ಸಭೆಗೆ ಹತ್ತು ತಲೆಗಳೇನೋ ಬರುತ್ತವೆ. ಹತ್ತು ಆಲೋಚನೆಗಳೂ ಬರುತ್ತವೆಯೆಂದು ಹೇಳುವ ಧೈರ್ಯ ನನಗಿಲ್ಲ. ಸಭೆ ಸೇರಿದ ಐದು ನಿಮಿಷದೊಳಗೆ ಊರ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಒಂದು ಮಾತು ಆಡುತ್ತಾರೆ. ಪಕ್ಕದವರು ‘ಅದೇ ಸರಿ’ ಎನ್ನುತ್ತಾರೆ. ಮೂರನೆಯವರು ತಲೆದೂಗುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ. ಸಭೆ ಮುಗಿಸಿ ಕಟ್ಟಪುಣಿಯ ಮೇಲೆ ಮನೆಗೆ ನಡೆಯುವಾಗ ಒಬ್ಬೊಬ್ಬರ ಬಾಯಿಂದಲೂ ಒಳ್ಳೊಳ್ಳೆಯ ಮಾತು ಹೊರಡುತ್ತದೆ. ಆದರೆ ಆಗ ಕೇಳುವವರಾರು?

ಅಲೆವೂರಿನ ಆಸುಪಾಸಿನಲ್ಲಿ ಇಂತಹದೇ ಒಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ವಿಷಯ ಸಣ್ಣದಲ್ಲ. ಬೈಂದೂರಿನ ಕಡೆ 2022ರ ಮಳೆಗಾಲದಲ್ಲಿ ಶಾಲೆಯ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದ ಸುದ್ದಿಯನ್ನು ತಾವೂ ಕೇಳಿದ್ದೀರಿ. ನಮ್ಮ ಮಕ್ಕಳಲ್ಲಿಯೂ ಕೆಲವರು ತೋಡು ದಾಟಿಯೇ ಬರಬೇಕು. ಏನು ಮಾಡುವುದು? ಹಿರಿಯರೊಬ್ಬರು ‘ಸೇತುವೆಗೆ ಅರ್ಜಿ ಕೊಡೋಣ’ ಎಂದರು. ಎಲ್ಲರೂ ಒಪ್ಪಿದೆವು. ಅರ್ಜಿಯನ್ನು ನಾನೇ ಬರೆದೆ, ಭಾಷೆ ಚೆನ್ನಾಗಿತ್ತು. ಆದರೆ ಸೇತುವೆ ಆಗುವವರೆಗೆ ಆಟಿಯ ಮಳೆ ಕಾಯುತ್ತದೆಯೆ?

ಈ ತೊಡಕು ನಮ್ಮ ಊರಿನದು ಮಾತ್ರವಲ್ಲ. ಅಮೆರಿಕದಲ್ಲಿ ಜಾಹೀರಾತಿನ ವ್ಯವಹಾರದಲ್ಲಿದ್ದ ಅಲೆಕ್ಸ್ ಆಸ್ಬರ್ನ್ ಎಂಬವರು ಇದಕ್ಕೆಂದೇ ಕೆಲವು ಕಟ್ಟಳೆಗಳನ್ನು ಮಾಡಿ 1953ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಯೋಚನೆಗಳು ಬರುತ್ತಿರುವಾಗ ಯಾರೂ ‘ತಪ್ಪು’ ಎನ್ನಕೂಡದು. ಹುಚ್ಚು ಯೋಚನೆಗೂ ಸ್ವಾಗತ. ಸಂಖ್ಯೆ ಹೆಚ್ಚಿದಷ್ಟೂ ಒಳ್ಳೆಯದು. ಒಬ್ಬನ ಮಾತಿಗೆ ಇನ್ನೊಬ್ಬ ತನ್ನದನ್ನು ಜೋಡಿಸಬಹುದು. ಕೇಳಲು ಇಂಪಾಗಿದೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾನಿಲಯದವರು ಪರೀಕ್ಷೆಮಾಡಿ ನೋಡಿದರು. ನಾಲ್ವರನ್ನು ಒಟ್ಟಿಗೆ ಕೂರಿಸಿದಾಗ ಹುಟ್ಟಿದ ಯೋಚನೆಗಳಿಗಿಂತ, ನಾಲ್ವರನ್ನು ಬೇರೆ ಬೇರೆ ಕೂರಿಸಿ ಅವರ ಯೋಚನೆಗಳನ್ನು ಆಮೇಲೆ ಕೂಡಿಸಿದಾಗಲೇ ಹೆಚ್ಚು ಸಿಕ್ಕಿದವು. 1987ರಲ್ಲಿ ಜರ್ಮನಿಯ ಇಬ್ಬರು ವಿದ್ವಾಂಸರು, ಡೀಲ್ ಮತ್ತು ಸ್ಟ್ರೋಬೆ, ಇದಕ್ಕೆ ಮುಖ್ಯ ಕಾರಣವನ್ನೂ ಗುರುತಿಸಿದರು: ಒಬ್ಬ ಮಾತನಾಡುವಾಗ ಉಳಿದವರು ಸರದಿ ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಹಾರಿಹೋಗುತ್ತದೆ.

ಹಾಗಾದರೆ ಕೂಡಿ ಯೋಚಿಸುವುದೇ ವ್ಯರ್ಥವೆ? ಹಾಗೆನ್ನಲು ಈ ಸೀಮೆಯವನಾದ ನನಗೆ ಬಾಯಿ ಬಾರದು. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಅರ್ಥಧಾರಿ ಕುಳಿತಲ್ಲಿಯೇ ಅದಕ್ಕೆ ಮಾತು ಕಟ್ಟಬೇಕು. ಎದುರಿನವರು ಏನು ಕೇಳುತ್ತಾರೆಂದು ಮುಂಚಿತವಾಗಿ ಬರೆದಿಟ್ಟ ಮಾತಿಲ್ಲ. ವಾಲಿವಧೆಯನ್ನೇ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ಕೇಳುತ್ತಾನೆ. ರಾಮ ಉತ್ತರ ಕೊಡುತ್ತಾನೆ. ಆ ಉತ್ತರದೊಳಗಿಂದಲೇ ವಾಲಿ ಮುಂದಿನ ಪ್ರಶ್ನೆಯನ್ನು ಹೆಕ್ಕುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಅವರೆದುರಿಗೆ ನಮ್ಮ ಮಲ್ಪೆಯ ರಾಮದಾಸ ಸಾಮಗರು ಕುಳಿತರಂತೂ, ಇಬ್ಬರಲ್ಲಿ ಒಬ್ಬರಿಗೂ ಒಂಟಿಯಾಗಿ ಹೊಳೆಯದ ಮಾತು ಅವರಿಬ್ಬರ ನಡುವೆ ಹುಟ್ಟುತ್ತಿತ್ತು.

ಇದು ಸಾಧ್ಯವಾದದ್ದು ಹೇಗೆ? ಅರ್ಥಧಾರಿ ಬರಿಗೈಯಲ್ಲಿ ಬರುವುದಿಲ್ಲ. ಪುರಾಣ, ಕಾವ್ಯಗಳನ್ನು ಮನೆಯಲ್ಲಿ ಒಬ್ಬನೇ ಕುಳಿತು ಮಥಿಸಿರುತ್ತಾನೆ. ಎರಡನೆಯದಾಗಿ, ಮಾತಿಗೆ ಪದ್ಯದ ಬೇಲಿಯಿದೆ. ಸರದಿ ಎಲ್ಲರಿಗೂ ಬರುತ್ತದೆ. ಅರ್ಥಧಾರಿಗೆ ಗೆಲ್ಲುವ ಹಟ ಹಿಡಿದು ಮಾತು ಒಂದೇ ಕಡೆ ಗಿರಕಿ ಹೊಡೆಯತೊಡಗಿದರೆ (ಹಾಗೆ ಆದದ್ದೂ ಉಂಟು, ನಿದ್ದೆಗಣ್ಣಿನಲ್ಲಿ ನಾನೇ ಸಹಿಸಿದ್ದೇನೆ) ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ನಮ್ಮ ಸಭೆಗಳಿಗೆ ಅಧ್ಯಕ್ಷರಿದ್ದಾರೆ, ಭಾಗವತರಿಲ್ಲ.

ಆದ್ದರಿಂದ ಎರಡನೆಯ ಸಭೆಯಲ್ಲಿ ನಾನೇ ಭಾಗವತಿಕೆಗೆ ಕುಳಿತೆ. ಬಂದವರಿಗೆಲ್ಲ ಒಂದೊಂದು ಚೀಟಿ ಕೊಟ್ಟು, ಹತ್ತು ನಿಮಿಷ ಯಾರೂ ಮಾತನಾಡಬಾರದು, ಹೆಸರು ಬರೆಯಬೇಕಾಗಿಲ್ಲ ಎಂದೆ. ಬರೆಯಲು ಬಾರದವರ ಮಾತನ್ನು ಹತ್ತನೆಯ ತರಗತಿಯ ಮಕ್ಕಳು ಪಿಸುದನಿಯಲ್ಲಿ ಕೇಳಿ ಬರೆದುಕೊಂಡರು. ಜರ್ಮನಿಯಲ್ಲಿ 1968ರಿಂದಲೂ ಇಂತಹ ಒಂದು ಪದ್ಧತಿಯಿದೆ. ಅಲ್ಲಿ 6 ಮಂದಿ 5 ನಿಮಿಷಕ್ಕೆ 3 ಯೋಚನೆಗಳಂತೆ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ನಾವು ಅಷ್ಟು ಲೆಕ್ಕಾಚಾರಕ್ಕೆ ಹೋಗಲಿಲ್ಲ. ಚೀಟಿಗಳನ್ನು ಕಲಸಿ ನಾನು ಓದಿ ಹೇಳಿದೆ. ಒಂದರಲ್ಲಿ ಕಾಗುಣಿತ ತಪ್ಪಿತ್ತು. ತಿದ್ದಲು ಪೆನ್ನು ಹಿಡಿದ ಕೈಯನ್ನು ಹಿಂದೆಗೆದುಕೊಂಡೆ. ಮೂವತ್ತು ವರ್ಷದ ಚಟ!

ಒಂದು ಚೀಟಿಯಲ್ಲಿ ‘ಶಾಲೆಯನ್ನೇ ತೋಡಿನ ಆಚೆಗೆ ಒಯ್ಯಿರಿ’ ಎಂದಿತ್ತು. ಎಲ್ಲರೂ ನಕ್ಕರು. ನಾನು ಮುಂದಿನ ಚೀಟಿ ಓದಿದೆ: ‘ಕಲ್ಲಿಗೆ ಕೆಂಪು ಗೆರೆ ಎಳೆಯಿರಿ, ನೀರು ಅಲ್ಲಿಗೆ ಬಂದರೆ ಮಕ್ಕಳನ್ನು ಕಳುಹಿಸಬೇಡಿ.’ ಇನ್ನೊಂದರಲ್ಲಿ, ಸಂಕದ ಹತ್ತಿರದ ಮನೆಯವರು ಬೆಳಗ್ಗೆ ಫೋನ್ ಮಾಡಿ ತಿಳಿಸಲಿ ಎಂದಿತ್ತು. ಆಗ ಮೂಲೆಯಲ್ಲಿ ಕುಳಿತಿದ್ದ, ಅದುವರೆಗೆ ಯಾವ ಸಭೆಯಲ್ಲೂ ಬಾಯಿ ಬಿಡದ ತಾಯಿಯೊಬ್ಬರು ಎದ್ದುನಿಂತರು. “ಮಾಸ್ಟ್ರೇ, ಶಾಲೆ ಆಚೆಗೆ ಹೋಗುವುದು ಬೇಡ. ಗೆರೆ ಮುಳುಗಿದ ದಿನ ಒಬ್ಬ ಟೀಚರು ರಸ್ತೆಯಲ್ಲಿ ಸುತ್ತಿ ಬಂದರೆ ಸಾಕು. ನಮ್ಮ ಚಾವಡಿ ದೊಡ್ಡದಿದೆ, ಮಕ್ಕಳು ಅಲ್ಲೇ ಕೂರಲಿ,” ಎಂದರು.

ನಕ್ಕವರು ಸುಮ್ಮನಾದರು. ಅರ್ಜಿ ಕೊಡೋಣವೆಂದ ಹಿರಿಯರೇ ಮೊದಲು ‘ಬಣ್ಣದ ಖರ್ಚು ನನ್ನದು’ ಎಂದದ್ದು.

ಸೇತುವೆ ಇನ್ನೂ ಆಗಿಲ್ಲ. ಕೆಂಪು ಗೆರೆ ಕಳೆದ ಮಳೆಗಾಲದಲ್ಲಿ ಎರಡು ಸಲ ಮುಳುಗಿತು. ಎರಡು ಸಲವೂ ಬೆಳಗ್ಗೆ ಏಳಕ್ಕೆ ಮುಂಚೆಯೇ ಫೋನ್ ಬಂತು. ಎರಡನೆಯ ಸಲ ರಸ್ತೆಯಲ್ಲಿ ಸುತ್ತಿ ಹೋದ ಮೇಷ್ಟರು ನಾನು. ಚಾವಡಿಯಲ್ಲಿ ಆ ದಿನ ಸಂಧಿಪ್ರಕರಣ ನಡೆಯಿತು.