ಉಪ್ಪಿನ ಕೆಳಗಿನ ಸಿಹಿನೀರು



ಕರ್ನಾಟಕದ ಬಯಲುಸೀಮೆಯಲ್ಲಿ ಕೊಳವೆಬಾವಿ ಕೊರೆಸಿದವರಿಗೆ ಗೊತ್ತು, ಸ್ವಲ್ಪ ಆಳದಲ್ಲೇ ಗಟ್ಟಿ ಬಂಡೆ ಸಿಗುತ್ತದೆ. ಗಂಗಾ-ಬ್ರಹ್ಮಪುತ್ರಾ ಮುಖಜಭೂಮಿಯ ಸುಂದರಬನದಲ್ಲಿ ಹಾಗಲ್ಲ. ಅಲ್ಲಿ ನೂರಾರು ಮೀಟರ್ ಇಳಿದರೂ ಮರಳು, ಜೇಡಿಮಣ್ಣು, ಮತ್ತೆ ಮರಳು. ಇನ್ನೊಂದು ಸೋಜಿಗವೂ ಉಂಟು. ಮೇಲಿನ ಪದರಗಳ ನೀರು ಬಹುಪಾಲು ಉಪ್ಪು. ಸುಮಾರು 200 ಮೀಟರ್ ದಾಟಿದರೆ ಅನೇಕ ಕಡೆ ಸಿಹಿನೀರು! ಸಮುದ್ರದ ಮಗ್ಗುಲಲ್ಲಿ ಆಳಕ್ಕೆ ಹೋದಷ್ಟೂ ಉಪ್ಪು ಹೆಚ್ಚಬೇಕಲ್ಲವೇ?

ಇದಕ್ಕೆ ಉತ್ತರವನ್ನು ನೀರನ್ನು ಸುತ್ತುವರಿದ ಮಣ್ಣಿನಲ್ಲಿ ಹುಡುಕಬೇಕು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುತ್ತತುದಿ ಮುಟ್ಟಿದ್ದಾಗ, ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕರಾವಳಿ ದೂರ ಸರಿದಿತ್ತು. ಮಳೆಯ ನೀರು, ನದಿಯ ನೀರು ಹಳೆಯ ಮರಳಿನ ಪದರಗಳೊಳಗೆ ಇಳಿದು ಅಲ್ಲಿದ್ದ ಉಪ್ಪನ್ನು ತೊಳೆಯಿತು. ಅನಂತರ ಹಿಮ ಕರಗಿ ಸಮುದ್ರ ಏರಿತು. ಉಪ್ಪುನೀರಿನಲ್ಲಿ ನದಿಗಳು ತಂದು ಸುರಿದ ಹೊಸ ಹೂಳು, ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಆ ಉಪ್ಪುನೀರನ್ನೇ ತುಂಬಿಕೊಂಡು ತಳದಲ್ಲಿ ಕುಳಿತಿತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ ಎಂಬುದನ್ನು ನೆನೆದರೆ ಈ ದಾಸ್ತಾನು ಎಷ್ಟೆಂದು ಊಹಿಸಬಹುದು.

ಮರಳಿನ ಕಣಗಳ ನಡುವೆ ನೀರು ಸರಾಗವಾಗಿ ಹರಿಯುತ್ತದೆ. ಹರಿದಂತೆ ಉಪ್ಪೂ ತೊಳೆದುಹೋಗುತ್ತದೆ. ಜೇಡಿಮಣ್ಣಿನಲ್ಲಿ ನೀರು ಧಾರಾಳವಾಗಿದ್ದರೂ ಬಹುತೇಕ ಅಲುಗುವುದೇ ಇಲ್ಲ. ಅದರೊಳಗಿನ ಉಪ್ಪು ಸಾವಿರಾರು ವರ್ಷ ಹಿಡಿದು, ಅಕ್ಕಪಕ್ಕದ ಮರಳಿನ ನೀರಿಗೆ ಸ್ವಲ್ಪಸ್ವಲ್ಪವೇ ಸೇರುತ್ತದೆ. ಜೇಡಿಮಣ್ಣಿಗೆ ಇನ್ನೊಂದು ಗುಣವಿದೆ. ಸಮುದ್ರದಿಂದ ಪಡೆದ ಸೋಡಿಯಂ ಅದರ ಕಣಗಳಿಗೆ ಅಂಟಿರುತ್ತದೆ. ಸಿಹಿನೀರು ಬಂದಾಗ ಅದರಲ್ಲಿರುವ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಇಂಥ ನೀರು ಮೆದು. ಸಾಬೂನು ಚೆನ್ನಾಗಿ ನೊರೆ ಬಿಡುತ್ತದೆ.

ಉಪ್ಪನ್ನು ಕೂಡಿಟ್ಟ ಇದೇ ಜೇಡಿಮಣ್ಣು ಕೆಳಗಿನ ಸಿಹಿನೀರಿಗೆ ಮುಚ್ಚಳವೂ ಆಗಿದೆ. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಸುಂದರಬನದ ಒಡ್ಡುಗಳನ್ನು ಒಡೆದಾಗ ಗದ್ದೆಗಳಿಗೂ ಕೆರೆಗಳಿಗೂ ಉಪ್ಪುನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಈ ಆಳದ ನೀರಿನ ಬೆಲೆ ತಿಳಿಯುತ್ತದೆ.

ಆದರೆ ಈ ನೀರು ಬಹು ಹಳೆಯದು. ಮತ್ತೆ ತುಂಬುವುದು ಅತಿ ನಿಧಾನ. ಮಿತಿಮೀರಿ ಎತ್ತಿದರೆ ಮೇಲಿನ ಉಪ್ಪು ಕೆಳಕ್ಕೆ ಜಗ್ಗುತ್ತದೆ. ಕೊಳವೆಯ ಸುತ್ತಲಿನ ಸಂದನ್ನು ಸರಿಯಾಗಿ ಮುಚ್ಚದಿದ್ದರೆ ಅದೇ ಉಪ್ಪಿಗೆ ದಾರಿಯಾಗುತ್ತದೆ. ಮರಳನ್ನು ತೊಳೆಯಲು ಪ್ರಕೃತಿಗೆ ಒಂದು ಹಿಮಯುಗವೇ ಬೇಕಾಯಿತು. ಒಮ್ಮೆ ಉಪ್ಪಾದ ನೀರನ್ನು ಮತ್ತೆ ಸಿಹಿಯಾಗಿಸಲು ಅಷ್ಟು ಕಾಲ ಕಾಯುವವರು ಯಾರು?