ಇದರಾಗ ಏನದ?



ಶಾಲೆಯ ಐವತ್ತನೆಯ ವರ್ಷಕ್ಕೆ ಚಿತ್ರಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ಸಮಿತಿಯವರು ಸ್ವಲ್ಪ ಗಾಬರಿಯಾದರು. ಹತ್ತು ನಿಮಿಷ ಸಹಿಸಿಕೊಳ್ಳಿ.

ನಮ್ಮಣ್ಣನನ್ನು ನಿಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ನನ್ನನ್ನು ಭಾಲ್ಕಿಗೆ ಓದಲು ಕಳಿಸಿ ತಾನು ಔರಾದ ಕಡೆಯ ಹೊಲದಲ್ಲೇ ಉಳಿದವನು. ಒಂದು ಕಣ್ಣು ಮಂಜಾಗಿ ಬೆಂಗಳೂರಿಗೆ ಬಂದಿದ್ದ. ಆಪರೇಷನ್ನಿಗೆ ಎರಡು ದಿನ ಇತ್ತು. ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಕರೆದುಕೊಂಡು ಹೋದೆ. ಅಂದು ಅಮೂರ್ತ ಚಿತ್ರಗಳ ಪ್ರದರ್ಶನ. ಅಂದರೆ ಮನುಷ್ಯ, ಮರ, ದನ ಯಾವುದೂ ಇಲ್ಲ, ಬರೀ ಬಣ್ಣ, ಗೆರೆ. ಅಣ್ಣ ನಾಲ್ಕು ಚಿತ್ರ ದಾಟಿ, “ತಮ್ಮಾ, ಇದರಾಗ ಏನದ?” ಅಂದ. ಏನು ಹೇಳುವುದು? ಆಮೇಲೆ ದೊಡ್ಡದೊಂದು ಕಪ್ಪು ಚಿತ್ರದ ಮುಂದೆ ನಿಂತವನು ಕದಲಲೇ ಇಲ್ಲ. “ಇದು ಒಂದೇ ಕರಿ ಅಲ್ಲ. ನಾಕೈದು ಕರಿ ಅವ. ಮಳಿ ಬಿದ್ದ ಮರುದಿನ ಎರಿ ಹೊಲ ಹಿಂಗೇ ಕಾಣ್ತದ.” ನಾನೂ ಎಣಿಸಿದೆ, ನನಗೆ ಮೂರು ಸಿಕ್ಕವು. ಆಪರೇಷನ್ ಸುಸೂತ್ರವಾಯಿತು, ಈಗ ಮುಂದಿನ ಸಾಲಿನಲ್ಲೇ ಕೂತಿದ್ದಾನೆ.

ಇಂಥ ಚಿತ್ರ ನಮ್ಮ ಜಿಲ್ಲೆಗೆ ಹೊಸತೇನಲ್ಲ. ಬೀದರ ಪಕ್ಕದ ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹ ವಲಿಯ ಗುಮ್ಮಟದೊಳಗೆ ಕತ್ತೆತ್ತಿ ನೋಡಿ. ಕೆಂಪು, ನೀಲಿ, ಬಂಗಾರದ ಬಣ್ಣದ ಬಳ್ಳಿ, ಅಕ್ಷರ, ಆಕೃತಿಗಳು. ಒಂದು ಮುಖವೂ ಇಲ್ಲ. ಹಿಂದೂ ಮುಸ್ಲಿಂ ಕೂಡಿಯೇ ಅಲ್ಲಿ ಜಾತ್ರೆಗೆ ಹೋಗುತ್ತೇವೆ, ‘ಇದರಾಗ ಏನದ’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಚಿತ್ರಕಾರ ಸೈಯದ್ ಹೈದರ್ ರಝಾ 1922ರಲ್ಲಿ ಮಧ್ಯಪ್ರದೇಶದ ಬಾಬರಿಯಾ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಶಾಲೆಯ ಮಾಸ್ತರರು ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು, ಇದನ್ನೇ ನೋಡುತ್ತಾ ಕೂಡು ಅಂದರಂತೆ. 1950ರಲ್ಲಿ ಹುಡುಗ ಪ್ಯಾರಿಸ್ಸಿಗೆ ಹೋದರೂ ಚುಕ್ಕಿ ಬಿಡಲಿಲ್ಲ. ಅದೇ ಮುಂದೆ ಲೋಕ ಬಲ್ಲ ‘ಬಿಂದು’ ಚಿತ್ರಗಳಾಯಿತು. ಆ ಮಾಸ್ತರರ ಪಗಾರ ಎಷ್ಟಿತ್ತೋ!

ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಹೋಗುವುದು ಚಿತ್ರಕಲೆಯ ಪಿರಿಯಡ್. ಗಣಿತಕ್ಕೆ ಕೊಡಿ ಎಂದು ಪಾಲಕರೇ ಕೇಳುತ್ತಾರೆ. ಯಾರು ಕೇಳಿದರೂ ಬಿಟ್ಟುಕೊಡಬೇಡಿ ಎಂದು ಮುಖ್ಯಗುರುಗಳಿಗೆ ಕೈಮುಗಿದು ಹೇಳುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಅಷ್ಟೂರಿಗೆ ಕರೆದೊಯ್ಯಿರಿ, ಬಸ್ಸಿನ ಖರ್ಚು ನನ್ನದು. ಜೊತೆಗೆ ಟಾರ್ಚ್ ಇರಲಿ, ಗುಮ್ಮಟದೊಳಗೆ ಬೆಳಕು ಕಡಿಮೆ.